ಹಪ್ಪಳದಷ್ಟು ಹಗುರಾದ ಹಾಯಿದೋಣಿ

ನಾನು ಒಂದು ಹಾಯಿದೋಣಿ. ಹುಟ್ಟಿದ್ದು ಅಘನಾಶಿನಿ ಹೊಳೆ ಸಮುದ್ರ ಸೇರುವಲ್ಲಿ, ಕಿರುಬೇಲೆ ಎಂಬ ಊರಿನ ದಂಡೆಯ ಮೇಲೆ. ನನ್ನ ತಾಯಿ ಒಂದು ಹೆಬ್ಬಲಸಿನ ಮರ. ಅದು ಎಷ್ಟು ದೊಡ್ಡದಿತ್ತೆಂದರೆ, ಕಡಿದು ಉರುಳಿಸಿದ ಮೇಲೂ ಅದರ ನೆರಳು ನೆಲ ಬಿಟ್ಟು ಏಳಲು ಸಂಜೆಯಾಯಿತಂತೆ. ಆಚಾರಿ ನನ್ನನ್ನು ಕೆತ್ತುತ್ತ ಕೆತ್ತುತ್ತ ಮುದುಕನಾದ ಎಂದರೆ ನೀವು ನಂಬುವುದಿಲ್ಲ. ಹೋಗಲಿ, ಅವನ ಗಡ್ಡ ಹೊಕ್ಕುಳ ಮುಟ್ಟಿತು ಎಂದಾದರೂ ನಂಬಿ. ಹಲಗೆಗೆ ಹಲಗೆ ಕೂಡಿಸಿ, ಸಂದುಗಳಿಗೆ ಹತ್ತಿ ತುರುಕಿ, ರಾಳ ಬಳಿದು, ಮೈತುಂಬ ಮೀನೆಣ್ಣೆ ಹಚ್ಚಿ ನನ್ನನ್ನು ನೀರಿಗೆ ತಳ್ಳಿದರು. ನಾನು ಎಂಥ ಭಾರದವಳೆಂದರೆ, ಹೊಳೆ ಉಕ್ಕಿ ಆಚೆ ದಂಡೆಯ ಏಡಿಗಳೆಲ್ಲ ಮನೆ ಬದಲಿಸಬೇಕಾಯಿತು.

ನನ್ನನ್ನು ಮಾಡಿಸಿದವನು ಉಮಾಕಾಂತ ಹರಿಕಂತ್ರ. ಎತ್ತರದ ಆಳು, ಮಾತು ಕಡಿಮೆ. ಆಗಷ್ಟೇ ಮದುವೆಯಾಗಿದ್ದ. ಹೆಂಡತಿಯ ಹೆಸರು ಶೇವಂತಿ. ಅವಳ ಎದುರು ಒಂದು ಒಳ್ಳೆಯ ಮಾತು ಆಡಲೂ ನಾಚುತ್ತಿದ್ದವನು, ನನ್ನ ಮೂತಿಯ ಮೇಲೆ ಕೆಂಪು ಬಣ್ಣದಲ್ಲಿ ಅವಳ ಹೆಸರನ್ನೇ ಬರೆಸಿಬಿಟ್ಟ. ಊರಿನವರು ನಕ್ಕರು. ಶೇವಂತಿ ಮಾತ್ರ ಬಂದು ನನ್ನನ್ನು ಮೂತಿಯಿಂದ ಬಾಲದವರೆಗೆ ನೋಡಿ, ತಾನು ಇಷ್ಟು ದಪ್ಪ ಇದ್ದೇನೆಯೇ ಎಂದು ಗಂಡನನ್ನು ಕೇಳಿದಳು. ಅವಳು ಆಗಲೂ ಒಣಗಿದ ಬಂಗಡೆಯ ಹಾಗೆ ತೆಳ್ಳಗಿದ್ದಳು. ನಾಲಿಗೆ ಮಾತ್ರ ಎರಡಾಳು ತೂಕ.

ಕಿರುಬೇಲೆಯಲ್ಲಿ ಒಂದು ಪದ್ಧತಿ ಇದೆ. ನೂಲ ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟ ಮೇಲೆ ಹಾಯಿದೋಣಿಗಳ ಪಂದ್ಯ ನಡೆಯುತ್ತದೆ. ದಂಡೆಯಿಂದ ಹೊರಟು, ಗಾಳಿಗೆ ಎದುರಾಗಿ, ಹೊಳೆ ಕಡಲಿಗೆ ಬೀಳುವ ಅಳಿವೆಯ ಬಾಯಿಯವರೆಗೆ ಹೋಗಿ, ಅಲ್ಲಿ ನೆಟ್ಟ ಕಂಬವನ್ನು ಸುತ್ತಿ, ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ವಾಪಸಾಗಬೇಕು. ಗೆದ್ದ ಮನೆಯವರಿಗೆ ಮುಂದಿನ ನೂಲ ಹುಣ್ಣಿಮೆಯವರೆಗೆ ಅಳಿವೆಯ ಬಾಯಲ್ಲಿ ಬಲೆ ಕಟ್ಟುವ ಜಾಗ. ಆ ಜಾಗದಲ್ಲಿ ಮೀನು ತಾನಾಗಿ ಬರುತ್ತದೆ. ಬಲೆ ಕಟ್ಟಿ ದಂಡೆಯ ಮೇಲೆ ಕಾಲು ಚಾಚಿ ಕೂತರೂ ಸಂಸಾರ ನಡೆಯುತ್ತದೆ. ಉಮಾಕಾಂತ ಇದ್ದಷ್ಟು ಕಾಲ ಆ ಜಾಗ ನಮ್ಮದೇ. ಗಾಳಿ ಎಷ್ಟು ಜೋರಾಗಿ ಬೀಸಿದರೂ ನಾನು ನನ್ನ ಭಾರದಿಂದಲೇ ನೆಟ್ಟಗೆ ನಿಲ್ಲುತ್ತಿದ್ದೆ. ಉಳಿದ ದೋಣಿಗಳು ಕುಡುಕರ ಹಾಗೆ ವಾಲುತ್ತಿದ್ದವು.

ಎಷ್ಟೋ ವರ್ಷ ಹೀಗೇ ಕಳೆದ ಮೇಲೆ, ಒಮ್ಮೆ ಉಮಾಕಾಂತ ಬೇರೆಯವರ ದೊಡ್ಡ ಬೋಟಿನಲ್ಲಿ ಆಳ ಸಮುದ್ರಕ್ಕೆ ಹೋದ. ಬೋಟೂ ಬರಲಿಲ್ಲ, ಅವನೂ ಬರಲಿಲ್ಲ. ನಾನು ದಂಡೆಯ ಮೇಲೆ ಕಟ್ಟಿಹಾಕಿದ ಹಾಗೇ ಇದ್ದೆ. ಶೇವಂತಿಯ ಬಳೆ ಒಡೆದರು, ಕುಂಕುಮ ಒರೆಸಿದರು. ಅವಳು ಕೈ ಚಾಚಿ ಕೊಟ್ಟಳು. ಅಳಲಿಲ್ಲ. ಅಳಲಿಲ್ಲ ಎಂದು ಊರಿನ ಹೆಂಗಸರು ಮಾತಾಡಿಕೊಂಡರು. ನಾನೂ ಆ ಮಳೆಗಾಲ ಪೂರ್ತಿ ತೆಂಗಿನ ಗರಿಯ ಕೆಳಗೆ ಬಿದ್ದಿದ್ದೆ. ಇಲಿ ಹಗ್ಗ ತಿಂದಿತು, ಗೆದ್ದಲು ಬಂದು ನೋಡಿಕೊಂಡು ಹೋಯಿತು. ಎಲ್ಲ ಗೊತ್ತಾಗುತ್ತಿತ್ತು, ಯಾವುದೂ ತಾಗುತ್ತಿರಲಿಲ್ಲ.

ಆಮೇಲೆ ನಾನು ಉಮಾಕಾಂತನ ತಮ್ಮ ಜಟ್ಟಿಯ ಕೈಗೆ ಬಂದೆ. ಜಟ್ಟಿ ಒಳ್ಳೆಯವನು. ಅಣ್ಣನಷ್ಟು ಎತ್ತರವಿಲ್ಲ, ಅಣ್ಣನ ಧೈರ್ಯವಿಲ್ಲ, ಆದರೆ ತಲೆ ಸುಮ್ಮನೆ ಕೂರುವುದಿಲ್ಲ. ಅವನು ಪಂದ್ಯಕ್ಕೆ ಇಳಿದ ಮೊದಲ ವರ್ಷವೇ ಸೋತ. ಗೆದ್ದವನು ಅಂಬಿಗರ ಬೊಮ್ಮಯ್ಯ. ಅವನು ಎಲ್ಲಿಂದಲೋ ಫೈಬರ್ ದೋಣಿ ತಂದಿದ್ದ. ಅದಕ್ಕೆ ತೂಕವೇ ಇಲ್ಲ. ಬೊಮ್ಮಯ್ಯ ಸೀನಿದರೆ ದೋಣಿ ಒಂದು ಮಾರು ಮುಂದೆ ಹೋಗುತ್ತದೆ ಎಂದು ಜನ ಹೇಳುತ್ತಿದ್ದರು, ನಾನೇ ನೋಡಿದ್ದೇನೆ, ಎರಡು ಮಾರು ಹೋಗುತ್ತಿತ್ತು. ಮರುವರ್ಷವೂ ಅವನೇ ಗೆದ್ದ. ಅಳಿವೆಯ ಜಾಗ ಅವನ ಮನೆಯ ಹಿತ್ತಲಿನ ಹಾಗಾಯಿತು.

ಜಾಗ ಹೋದ ಮೇಲೆ ಶೇವಂತಿ ಬಳಚು ಆಯಲು ಹೊಳೆಗೆ ಇಳಿದಳು. ಬಳಚು ಎಂದರೆ ಹೊಳೆಯ ಕೆಸರಿನಲ್ಲಿ ಹುಗಿದುಕೊಂಡಿರುವ ಚಿಪ್ಪು. ನೀರು ಇಳಿದ ಹೊತ್ತಿಗೆ ಸೊಂಟದವರೆಗೆ ನೀರಲ್ಲಿ ನಿಂತು, ಕಾಲಿನಿಂದಲೇ ತಡಕಿ ಆರಿಸಬೇಕು. ಕಿರುಬೇಲೆಯಲ್ಲಿ ಅದು ಹೆಂಗಸರ ಕೆಲಸ. ಬಳಚಿನ ಬುಟ್ಟಿ ಹೊತ್ತ ಗಂಡಸನ್ನು ಆ ಊರು ಕಂಡಿಲ್ಲ. ಜಟ್ಟಿ ಅತ್ತಿಗೆಯನ್ನು ತಡೆದ. ತನ್ನ ಅನ್ನ ತಾನೇ ಬೇಯಿಸಿಕೊಳ್ಳುತ್ತೇನೆ, ಮೈದುನನ ಮನೆಯ ಗಂಜಿಗೆ ಉಪ್ಪು ಜಾಸ್ತಿ ಎಂದು ಅವಳು ಹೇಳಿ ಹೋದಳು.

ಆದರೆ ಅವಳಿಗೆ ಸಕ್ಕರೆ ಕಾಯಿಲೆ ಇತ್ತು. ಪಾದಗಳಲ್ಲಿ ಸ್ಪರ್ಶ ಹೋಗಿತ್ತು. ಬಳಚನ್ನು ಕಾಲಿನಿಂದ ತಡಕುವುದಾಗದೆ ಬಗ್ಗಿ ಬಗ್ಗಿ ಕೈಯಿಂದ ಆರಿಸುತ್ತಿದ್ದಳು. ಒಂದು ಸಂಜೆ ಅಂಗಾಲಿಗೆ ಒಂದು ಚಿಪ್ಪು ಚುಚ್ಚಿಕೊಂಡೇ ಊರೆಲ್ಲ ಸುತ್ತಿ ಮನೆಗೆ ಬಂದಳು. ಯಾರೋ ತೋರಿಸಿದಾಗ, ಚಿಪ್ಪಿಗೆ ನಡೆಯಲು ಸೋಮಾರಿತನ, ಅದಕ್ಕೇ ತನ್ನ ಕಾಲು ಹಿಡಿದಿದೆ ಎಂದು ನಕ್ಕಳು. ಕುಮಟೆಯ ಡಾಕ್ಟರು ನಗಲಿಲ್ಲ. ಹೀಗೇ ನೀರಿಗೆ ಇಳಿದರೆ, ಗಾಯ ಗೊತ್ತಾಗದೆ ಕೊಳೆತರೆ, ಕಾಲು ತೆಗೆಯಬೇಕಾಗುತ್ತದೆ ಎಂದರು. ಜಟ್ಟಿ ಆ ಮಾತು ಕೇಳಿಕೊಂಡು ಬಂದು ನನ್ನ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತ. ಅಳಿವೆಯ ಜಾಗ ವಾಪಸು ಬಂದರೆ ಅತ್ತಿಗೆ ನೀರಿಗೆ ಇಳಿಯಬೇಕಿಲ್ಲ. ಅವಳ ಗಂಡನ ದೋಣಿ ದುಡಿದದ್ದನ್ನು ಅವಳು ಬೇಡ ಎನ್ನುವ ಹಾಗಿಲ್ಲ. ಅಷ್ಟೇ ಅವನ ಲೆಕ್ಕ. ಅಂದಿನಿಂದ ಅವನ ಕಣ್ಣಿಗೆ ನನ್ನಲ್ಲಿ ಕಾಣಿಸಿದ್ದು ಒಂದೇ, ಭಾರ.

ಮೊದಲು ಕೂರುವ ಅಡ್ಡಹಲಗೆಗಳನ್ನು ಕಿತ್ತ. ಮೂರು ಜನ ಒಂದು ಹೊತ್ತು ನಿಂತರೆ ಸಾಯುವುದಿಲ್ಲ ಎಂದ. ಆಮೇಲೆ ಬೇಡವಾದ ಮೊಳೆಗಳನ್ನು ಕಿತ್ತ, ಕೆಲವು ಅರ್ಧಕ್ಕೇ ಮುರಿದವು. ತೆಂಗಿನ ನಾರಿನ ಹಗ್ಗ ಹೋಗಿ ನೈಲಾನ್ ದಾರ ಬಂತು. ಹಾಯಿ ಕಟ್ಟುವ ಮರದ ಕೂವೆಕಂಬ ಹೋಗಿ ಬಿದಿರು ಬಂತು. ನನ್ನ ಒಳಗಿನ ಪಕ್ಕೆಲುಬುಗಳಿಗೆ ಸಾಲಾಗಿ ತೂತು ಕೊರೆದು ಅವುಗಳನ್ನು ಜರಡಿ ಮಾಡಿದ. ತೂತಿನಿಂದ ಬಿದ್ದ ಹೊಟ್ಟನ್ನೂ ಬಿಡದೆ ಒಟ್ಟುಮಾಡಿ, ಮೀನು ತೂಗುವ ತಕ್ಕಡಿಗೆ ಹಾಕಿ ನೋಡಿ ಸಂತೋಷಪಡುತ್ತಿದ್ದ. ನನ್ನನ್ನು ಕೇಳಿದರೆ, ಆ ದಿನಗಳಲ್ಲಿ ಅವನು ಹೆಂಡತಿಯ ಮುಖಕ್ಕಿಂತ ಆ ತಕ್ಕಡಿಯ ಮುಳ್ಳನ್ನೇ ಹೆಚ್ಚು ನೋಡಿದ.

ಜೊತೆಗೆ ಹೋಗುವ ಇಬ್ಬರನ್ನೂ ಬಿಡಲಿಲ್ಲ. ಈರು ಎಂಬ ಸಣಕಲನ ತಲೆ ಬೋಳಿಸಿದ, ಮೀಸೆ ತೆಗೆಸಿದ. ಈರುವಿನ ಹೆಂಡತಿ ಬಾಗಿಲಿಗೆ ಬಂದ ಗಂಡನನ್ನು ಭಿಕ್ಷುಕನೆಂದು ತಿಳಿದು ಅಕ್ಕಿ ತಂದಳಂತೆ. ಇನ್ನೊಬ್ಬ ಗೋಯ್ದ. ಅವನ ತಲೆ ಬೋಳಿಸಿ ಏನೂ ಪ್ರಯೋಜನವಿರಲಿಲ್ಲ, ಹೊಟ್ಟೆಯನ್ನು ಬೋಳಿಸಲಾಗುತ್ತದೆಯೇ? ಅವನಿಗೆ ಬರಿಯ ಗಂಜಿತಿಳಿ ಕುಡಿಸಿ ನೋಡಿದರು. ಅವನು ಕದ್ದು ತಿಂದು ಇನ್ನಷ್ಟು ದಪ್ಪಗಾದ.

ಹಾಯಿಯ ಸರದಿ ಬಂತು. ಹಳೆಯ ಹತ್ತಿಬಟ್ಟೆಯ ಹಾಯಿ ಒದ್ದೆಯಾದರೆ ಹಸಿ ಎಮ್ಮೆಚರ್ಮದಷ್ಟು ಭಾರ. ಜಟ್ಟಿ ಊರೆಲ್ಲ ತಿರುಗಿ ಮುರಿದ ಕೊಡೆಗಳನ್ನು ಬೇಡಿ ತಂದ. ಕಡ್ಡಿ ಬಿಚ್ಚಿ, ಆ ತೆಳ್ಳಗಿನ ಕಪ್ಪು ಬಟ್ಟೆಯನ್ನೆಲ್ಲ ಶೇವಂತಿ ಕೂಡಿಸಿ ಹೊಲಿದಳು. ಹೊಲಿದು ಎತ್ತಿ ಹಿಡಿದರೆ ಊರಿನ ಮಳೆಗಾಲವೆಲ್ಲ ಒಂದೇ ಬಟ್ಟೆಯಲ್ಲಿ ಕೂತ ಹಾಗಿತ್ತು.

ನನ್ನ ತಳದಲ್ಲಿ ದೋಣಿ ವಾಲದಂತೆ ಇಟ್ಟ ಕಲ್ಲುಗಳಿದ್ದವು. ಅವನ್ನು ತೆಗೆದು, ಬದಲಿಗೆ ಪ್ಲಾಸ್ಟಿಕ್ ಚೀಲಗಳಲ್ಲಿ ಹೊಳೆಯ ನೀರು ತುಂಬಿ ಇಡುವುದೆಂದು ಜಟ್ಟಿ ಯೋಚಿಸಿದ. ಹೋಗುವಾಗ ಎದುರುಗಾಳಿಗೆ ಭಾರ ಬೇಕು. ಬರುವಾಗ ಚೀಲ ಬಿಚ್ಚಿ ಚೆಲ್ಲಿಬಿಟ್ಟರಾಯಿತು. ಈ ಬುದ್ಧಿ ನಿಜಕ್ಕೂ ಚೆನ್ನಾಗಿತ್ತು. ಅದನ್ನು ನಾನು ಇವತ್ತಿಗೂ ಒಪ್ಪುತ್ತೇನೆ.

ಕೊನೆಗೆ ನನ್ನ ಮೈಮೇಲಿನ ಹಳೆಯ ಎಣ್ಣೆ, ಬಣ್ಣ ಎಲ್ಲ ಕೆರೆದು ತೆಗೆದ. ಮೂತಿಯ ಮೇಲಿನ ಕೆಂಪು ಅಕ್ಷರಗಳೂ ಹೋದವು. ಶೇವಂತಿ ಬಳಚಿನ ಬುಟ್ಟಿ ಹೊತ್ತು ಬರುತ್ತಿದ್ದವಳು ನಿಂತಳು.

"ನನ್ನ ಹೆಸ್ರು ಎಷ್ಟು ತೂಕ ಬಂತೋ ಜಟ್ಟಿ?"

ಜಟ್ಟಿ ತಲೆ ತಗ್ಗಿಸಿದ. "ಮುಳ್ಳೇ ಅಲ್ಲಾಡ್ಲಿಲ್ಲ, ಅತ್ಗೆ."

"ಹಂಗಾದ್ರೆ ಕೆರೆದು ಎಂತ ಮಾಡ್ದೆ?" ಎಂದಳು. ಸಿಟ್ಟಿನಿಂದ ಅಲ್ಲ, ಸುಮ್ಮನೆ ಕೇಳಿದ ಹಾಗೆ ಕೇಳಿ, ಬುಟ್ಟಿ ಸರಿಮಾಡಿಕೊಂಡು ಹೋದಳು. ಉಳಿ ನನ್ನ ಮೂತಿಯ ಮೇಲೆ ಆಡಿದಾಗ ನನಗೂ ಏನೂ ಅನಿಸಿರಲಿಲ್ಲ. ಯಾರದೋ ದೋಣಿಯನ್ನು ಯಾರೋ ಕೆರೆಯುತ್ತಿದ್ದಾರೆ ಎನ್ನುವ ಹಾಗಿತ್ತು.

ಇಷ್ಟರಲ್ಲಿ ಮಳೆಗಾಲ ಬಂತು. ಮಳೆಗಾಲದಲ್ಲಿ ಮರ ತೇವ ಹೀರುತ್ತದೆ, ತೇವವೂ ಭಾರವೇ. ಜಟ್ಟಿ ನನ್ನನ್ನು ಚಿಪ್ಪು ಸುಡುವ ಸುಣ್ಣದ ಗೂಡಿನ ಮಾಡಿನೊಳಗೆ ಹೊತ್ತು ತಂದು, ಬೆಂಕಿಯ ಕಾವು ತಾಗುವಲ್ಲಿ ತೂಗುಹಾಕಿದ. ಊರೆಲ್ಲ ನೆನೆಯುತ್ತಿದ್ದಾಗ ನಾನು ಒಣಗಿದೆ. ಒಣಗಿ ಒಣಗಿ ಹಪ್ಪಳವಾದೆ. ಗೂಡಿನ ಬೆಕ್ಕು ನನ್ನ ಮೇಲೆ ಹಾರಿದರೆ ನಾನು ತೂಗುಯ್ಯಾಲೆಯಂತೆ ಆಚೆ ಗೋಡೆ ಮುಟ್ಟಿ ಬರುತ್ತಿದ್ದೆ.

ಮಳೆಯ ಜೋರು ಇಳಿದ ಮೇಲೆ ಯಾವ ಮರದ ದೋಣಿಯನ್ನೂ ನೇರವಾಗಿ ಕೆಲಸಕ್ಕೆ ಇಳಿಸುವುದಿಲ್ಲ. ಮೊದಲು ಕೆಲವು ದಿನ ತೆಳುನೀರಿನಲ್ಲಿ ಮುಳುಗಿಸಿ ಇಡುತ್ತಾರೆ. ಅದಕ್ಕೆ ದೋಣಿಗೆ ನೀರು ಕುಡಿಸುವುದು ಎನ್ನುತ್ತಾರೆ. ಒಣಗಿದ ಹಲಗೆಗಳು ನೀರು ಕುಡಿದು ಉಬ್ಬಿ, ಒಂದಕ್ಕೊಂದು ಒತ್ತಿಕೊಂಡು, ಸಂದುಗಳು ಮುಚ್ಚುತ್ತವೆ. ಇದು ಆ ದಂಡೆಯ ಎಲ್ಲರಿಗೂ ಗೊತ್ತು, ಜಟ್ಟಿಗೂ ಗೊತ್ತು. ಆದರೆ ಮಳೆಗಾಲವಿಡೀ ಒಣಗಿಸಿದ ಮೈಗೆ ಮತ್ತೆ ನೀರು ಕುಡಿಸಲು ಅವನಿಗೆ ಕೈ ಬರಲಿಲ್ಲ. ಒಂದು ಪಂದ್ಯದ ಹೊತ್ತು ತಡೆಯುತ್ತದೆ ಎಂದುಕೊಂಡ. ಸಂದುಗಳ ಮೇಲೆ ಒಂದು ಕೈ ರಾಳ ಬಳಿದು ಬಿಟ್ಟ. ದೋಣಿಯೊಳಗಿನ ನೀರು ಮೊಗೆದು ಚೆಲ್ಲುವ ಮರಿಗೆಯನ್ನು ಈರು ತಂದಿಟ್ಟಾಗ, ಅದೂ ಭಾರ ಎಂದು ದಂಡೆಗೆ ಎಸೆದ.

ಇನ್ನು ಉಳಿದದ್ದು ಗೋಯ್ದನ ಹೊಟ್ಟೆ. ಪಂದ್ಯದ ಮುಂಜಾನೆ ಜಟ್ಟಿ ಗೋಯ್ದನನ್ನು ಇಳಿಸಿ, ಚುಕ್ಕಾಣಿ ಹಿಡಿಯಲು ಶೇವಂತಿಯನ್ನು ಕರೆದ. ಊರಿನಲ್ಲಿ ಅವಳಷ್ಟು ಹಗುರದ ದೊಡ್ಡ ಮನುಷ್ಯರು ಬೇರೆ ಇರಲಿಲ್ಲ. ಹೊಳೆಯ ಆಳ ತೆಳು ಅವಳಿಗೆ ಗೊತ್ತಿತ್ತು. ಪಂದ್ಯದ ಯಜಮಾನರು ಅದನ್ನು ನೋಡಿ ದಂಡೆಯಿಂದ ಓಡಿಬಂದರು.

"ಹೆಂಗ್ಸು ಪಂದ್ಯದ ದೋಣಿ ಹತ್ತುದು ನಮ್ಮಲ್ಲಿಲ್ಲ ಜಟ್ಟಿ. ಅದ್ರಲ್ಲೂ ಗಂಡ ಇಲ್ದಿದ್ದವ್ಳು" ಎಂದರು.

ಜಟ್ಟಿ ಬಾಯಿ ತೆರೆಯುವ ಮೊದಲೇ ಶೇವಂತಿ ಸೀರೆ ಎತ್ತಿ ಕಟ್ಟಿ ನನ್ನೊಳಗೆ ಕಾಲಿಟ್ಟಾಗಿತ್ತು. "ಗಂಡ ಇಲ್ದಿದ್ರೆ ತೂಕ ಕಮ್ಮಿ ಯಜಮಾನ್ರೆ" ಎಂದಳು. "ಅದ್ಕೇ ಇವ ನನ್ನ ಹತ್ಸೂದು."

ಪಂದ್ಯಕ್ಕೆ ಮೂರು ಜನ ಬೇಕೆಂದು ಇತ್ತೇ ಹೊರತು ಯಾರು ಬರಬಾರದು ಎಂದು ಯಾರೂ ಯೋಚಿಸಿಯೇ ಇರಲಿಲ್ಲ. ದಂಡೆಯ ಮೇಲೆ ಬೊಮ್ಮಯ್ಯ ಜೋರಾಗಿ ನಕ್ಕು, ಅಜ್ಜಿ ಹಾರಿಹೋದಾಳು, ದಾರ ಕಟ್ಟಿ ಎಂದ. ಶೇವಂತಿ ಅವನ ಕಡೆ ನೋಡಲೂ ಇಲ್ಲ.

ಹೊರಟೆವು. ನಾನು ಏನು ಹೇಳಲಿ? ಅಷ್ಟು ವರ್ಷ ನೀರನ್ನು ತಳ್ಳಿಕೊಂಡು ಹೋದವಳು ಆ ದಿನ ನೀರಿನ ಮೇಲೆ ನಡೆದೆ. ಕೊಡೆಬಟ್ಟೆಯ ಹಾಯಿ ಉಬ್ಬಿದಾಗ ನನ್ನ ಮೂತಿ ಎಲ್ಲಿ ಆಕಾಶಕ್ಕೆ ತಗಲುತ್ತದೋ ಎಂದು ಈರು ತಲೆ ಬಗ್ಗಿಸಿದ. ಬೊಮ್ಮಯ್ಯನ ದೋಣಿ ಎಡಕ್ಕೆ ಇತ್ತು, ಸ್ವಲ್ಪವೇ ಹಿಂದೆ ಇತ್ತು. ಎದುರುಗಾಳಿಗೆ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ವಾಲುತ್ತ ನಾವೇ ಮೊದಲು ಅಳಿವೆಯ ಬಾಯಿ ತಲುಪಿದೆವು, ನಾವೇ ಮೊದಲು ಕಂಬ ಸುತ್ತಿದೆವು. ಜಟ್ಟಿ ಒಂದು ಸಲ ಹಿಂದೆ ತಿರುಗಿ ಅತ್ತಿಗೆಯನ್ನು ನೋಡಿದ. ಅವಳು ಹಾಯಿಯ ತುದಿಯ ಮೇಲೆ ಕಣ್ಣಿಟ್ಟು, ಒಂದು ಕಾಲನ್ನು ತಳಕ್ಕೆ ಬಲವಾಗಿ ಊರಿ, ಎರಡೂ ಕೈಯಲ್ಲಿ ಚುಕ್ಕಾಣಿ ಹಿಡಿದಿದ್ದಳು. ಮುಖದಲ್ಲಿ ಏನೂ ಇರಲಿಲ್ಲ. ಬುಟ್ಟಿ ಹೊತ್ತು ಬರುವಾಗಲೂ ಅವಳ ಮುಖ ಹೀಗೇ ಇರುತ್ತಿತ್ತು.

ಈರು ನೀರಿನ ಚೀಲಗಳನ್ನು ಬಿಚ್ಚಿ ಚೆಲ್ಲಿದ. ನಾನು ಇನ್ನೂ ಹಗುರಾಗಿ ಚಿಮ್ಮಬೇಕಿತ್ತು. ಚಿಮ್ಮಲಿಲ್ಲ. ಗಾಳಿ ಬೆನ್ನಿಗಿತ್ತು, ಹಾಯಿ ತುಂಬಿತ್ತು, ಆದರೂ ನನ್ನ ಹಿಂಭಾಗ ಎಳೆದ ಹಾಗೆ ನಿಧಾನವಾಯಿತು. ಬೊಮ್ಮಯ್ಯನ ದೋಣಿಯ ನೆರಳು ನಮ್ಮ ಪಕ್ಕಕ್ಕೆ ಬಂತು. ಜಟ್ಟಿ ಹಾಯಿಯನ್ನು ಬಯ್ದ, ಗಾಳಿಯನ್ನು ಬಯ್ದ. ನನ್ನ ಸಂದುಗಳು ಅದಾಗಲೇ ಬಾಯಿ ಬಿಟ್ಟಿದ್ದವು. ಹೊರಡುವಾಗಿನಿಂದ ನೀರು ಒಳಗೆ ಬರುತ್ತಲೇ ಇತ್ತು. ಮುಂದೆ ಇದ್ದ ಗಂಡಸರ ಕಾಲಿಗೆ ಅದು ತಗಲಲಿಲ್ಲ, ಎಲ್ಲ ಹರಿದು ಹಿಂದಕ್ಕೆ, ಶೇವಂತಿ ನಿಂತಲ್ಲಿಗೆ ಬಂದು ಸೇರುತ್ತಿತ್ತು. ಅವಳ ಮೀನಖಂಡದವರೆಗೆ ಬಂದಿತ್ತು. ಬೇರೆ ಯಾರಾದರೂ ಆಗಿದ್ದರೆ ಮೊದಲ ಹನಿಗೇ ಕೂಗುತ್ತಿದ್ದರು. ಅವಳಿಗೆ ಗೊತ್ತಾಗಲಿಲ್ಲ. ಸತ್ಯ ಹೇಳಬೇಕೆಂದರೆ ನನಗೂ ಗೊತ್ತಾಗಲಿಲ್ಲ. ಗೂಡಿನ ಕಾವಿನಲ್ಲಿ ಒಣಗಿದ ಮೈಗೆ ನೀರು ಒಳಗಿದೆಯೋ ಹೊರಗಿದೆಯೋ ತಿಳಿಯುವ ಕಾಲ ದಾಟಿಹೋಗಿತ್ತು.

ದಂಡೆ ಹತ್ತಿರವಾಯಿತು. ಜನರ ಮುಖ ಕಾಣುತ್ತಿತ್ತು, ಗೋಯ್ದ ಹೆಗಲವಸ್ತ್ರ ಬೀಸುತ್ತಿದ್ದ. ಬೊಮ್ಮಯ್ಯನ ದೋಣಿಯ ಮೂತಿ ನನ್ನ ಮೂತಿಗೆ ಸಮಸಮವಾಗಿತ್ತು. ಆಗ ಜಟ್ಟಿಗೆ ನೀರು ಕಂಡಿತು. ಕೈಯಿಂದಲಾದರೂ ಚೆಲ್ಲೋಣ ಎಂದು ಹಿಂದಕ್ಕೆ ಬಂದು ಬಗ್ಗಿದವನು ಹಾಗೇ ನಿಂತ. ಬೊಗಸೆಯಲ್ಲಿ ಎತ್ತಿದ ನೀರು ಕೆಂಪಾಗಿತ್ತು.

ಅಡ್ಡಹಲಗೆ ಕಿತ್ತ ಜಾಗದಲ್ಲಿ ಅರ್ಧ ಮುರಿದ ಮೊಳೆಯೊಂದು ಮೇಲಕ್ಕೆ ನಿಂತಿತ್ತು. ಶೇವಂತಿ ಊರಿದ ಕಾಲು ಅದರ ಮೇಲೆಯೇ ಇತ್ತು. ಕಂಬಕ್ಕೆ ಹೋಗುವಾಗಿನಿಂದಲೂ ಇತ್ತು. ಗಾಳಿ ಜೋರಾದಾಗೆಲ್ಲ ಅವಳು ಇನ್ನಷ್ಟು ಒತ್ತಿ ನಿಂತಿದ್ದಳು.

"ಅತ್ಗೆ, ಕಾಲು" ಎಂದ ಜಟ್ಟಿ.

ಅವಳು ಕೆಳಗೆ ನೋಡಿದಳು. ಬೇರೆಯವರ ಕಾಲನ್ನು ನೋಡಿದ ಹಾಗೆ ನೋಡಿದಳು. ಆಮೇಲೆ ಮತ್ತೆ ಹಾಯಿಯ ಕಡೆ ಕಣ್ಣೆತ್ತಿ, "ನಂಗೆ ನೋವಿಲ್ಲ. ನೀ ಹಾಯಿ ಹಿಡಿ. ಇನ್ನೆಷ್ಟು ದೂರ ಇದೆ?" ಎಂದಳು.

ಇನ್ನೇನೂ ದೂರವಿರಲಿಲ್ಲ. ಹಾಯಿಯ ದಾರ ಜಟ್ಟಿಯ ಕೈಯಲ್ಲೇ ಇತ್ತು. ಎಳೆದು ಹಿಡಿದಿದ್ದರೆ ನಾನು ಮುಳುಗುತ್ತ ಮುಳುಗುತ್ತಲಾದರೂ ಮುಂದೆ ನುಗ್ಗುತ್ತಿದ್ದೆ. ಅವನು ದಾರ ಬಿಟ್ಟ. ಕೊಡೆಬಟ್ಟೆ ಪಟಪಟ ಎಂದು ಸುಮ್ಮನೆ ಬಡಿದುಕೊಂಡಿತು. ಅವನು ನೀರಿನಲ್ಲಿ ಮೊಣಕಾಲೂರಿ, ಎರಡೂ ಕೈಯಲ್ಲಿ ಅತ್ತಿಗೆಯ ಪಾದ ಹಿಡಿದು, ಮೊಳೆಯಿಂದ ನಿಧಾನವಾಗಿ ಎತ್ತಿದ. ಬೊಮ್ಮಯ್ಯ ನಮ್ಮನ್ನು ದಾಟಿ ಹೋದ. ದಂಡೆಯ ಮೇಲೆ ಗದ್ದಲವೆದ್ದಿತು, ಅದು ನಮ್ಮದಲ್ಲ. ನಾನು ದಂಡೆಯಿಂದ ಒಂದು ಕೂಗಿನಷ್ಟು ದೂರದಲ್ಲಿ, ತೆಳುನೀರಿನಲ್ಲಿ ಕೂತುಬಿಟ್ಟೆ.

ಶೇವಂತಿಯನ್ನು ಹೊತ್ತುಕೊಂಡು ಹೋಗಿದ್ದೂ ಜಟ್ಟಿಯೇ. ಗೆಲ್ಲುವುದನ್ನು ಬಿಟ್ಟು ಕಾಲು ಹಿಡಿದು ಕೂತ ಎಂದು ಅವಳಿಗೆ ಸಿಟ್ಟು. ಆಸ್ಪತ್ರೆಯಲ್ಲಿ ಬಹಳ ದಿನ ಮಲಗಿದಳು. ಕಾಲು ಉಳಿಯಿತು, ಹೆಬ್ಬೆರಳು ಹೋಯಿತು. ವಾಪಸು ಬಂದ ದಿನ ದಂಡೆಯಲ್ಲಿದ್ದ ಯಜಮಾನರನ್ನು ಕರೆದು, ತಾನು ಈಗ ಇನ್ನೂ ಹಗುರಾಗಿದ್ದೇನೆ, ಮುಂದಿನ ವರ್ಷಕ್ಕೆ ಬರೆದಿಟ್ಟುಕೊಳ್ಳಿ ಎಂದಳು.

ಅವಳು ಆಸ್ಪತ್ರೆಯಲ್ಲಿದ್ದಾಗಲೇ ಒಂದು ಬೆಳಿಗ್ಗೆ ಜಟ್ಟಿ ಅವಳ ಬುಟ್ಟಿ ತೆಗೆದುಕೊಂಡು ಹೊಳೆಗೆ ಇಳಿದ. ಹೆಂಗಸರೆಲ್ಲ ಬಳಚು ಆಯುವುದನ್ನು ಬಿಟ್ಟು ನೋಡಿದರು. ಒಬ್ಬಳು ಸೀರೆ ತಂದುಕೊಡಲೇ ಎಂದಳು. ಬೊಮ್ಮಯ್ಯ ಅಳಿವೆಯ ಜಾಗದಲ್ಲಿ ಬಲೆ ಕಟ್ಟುತ್ತಿದ್ದವನು ಅಲ್ಲಿಂದಲೇ ಏನೋ ಕೂಗಿದ. ಜಟ್ಟಿ ಬುಟ್ಟಿ ತುಂಬಿದ ಮೇಲೆ ತಲೆಯ ಮೇಲಿಟ್ಟುಕೊಂಡು, ಕುತ್ತಿಗೆ ನೆಟ್ಟಗೆ ಮಾಡಲು ಬಾರದೆ ಓಲಾಡುತ್ತ, ಊರ ನಡುವಿನ ದಾರಿಯಲ್ಲೇ ಮನೆಗೆ ನಡೆದ. ಮರುದಿನವೂ ಇಳಿದ. ಆಮೇಲೆ ಯಾರೂ ನಗಲಿಲ್ಲ, ನಗುವುದಕ್ಕೂ ಬೇಸರ ಬರುತ್ತದೆ. ನನ್ನ ಮೈಯಿಂದ ಮೊಳೆ ಕಿತ್ತು, ಹಲಗೆ ಕಿತ್ತು, ಈರುವಿನ ಮೀಸೆಯನ್ನೂ ಕಿತ್ತವನಿಗೆ ಅತ್ತಿಗೆಯ ತಲೆಯ ಮೇಲಿನ ಆ ಒಂದು ಬುಟ್ಟಿಯ ಭಾರ ಅಷ್ಟು ದಿನ ಕಾಣಿಸಿರಲಿಲ್ಲ. ಇದನ್ನು ನಾನು ಅವನಿಗೆ ಹೇಳಬಹುದಿತ್ತು. ದೋಣಿಗೆ ಬಾಯಿಲ್ಲ, ಇದ್ದ ಬಾಯಿಯೆಲ್ಲ ಸಂದುಗಳಲ್ಲಿತ್ತು.

ನನ್ನನ್ನು ಮತ್ತೆ ನೀರಿಗೆ ಇಳಿಸಲಿಲ್ಲ. ಪಕ್ಕೆಲುಬು ಜರಡಿಯಾದ ದೋಣಿಯನ್ನು ಯಾರು ಇಳಿಸುತ್ತಾರೆ? ಶೇವಂತಿಯ ಅಂಗಳದ ತುದಿಯಲ್ಲಿ ಮಗುಚಿ ಹಾಕಿದ್ದಾರೆ. ಕೆಳಗೆ ಕೋಳಿಗಳು ಮೊಟ್ಟೆ ಇಡುತ್ತವೆ. ಮೇಲೆ ಅವಳು ಕೂತು, ಜಟ್ಟಿ ತಂದ ಬಳಚನ್ನು ಬಿಡಿಸುತ್ತಾಳೆ. ಸಣ್ಣದು ತಂದೆ, ಕೆಸರು ತಂದೆ, ಅರ್ಧ ಖಾಲಿ ಚಿಪ್ಪನ್ನೇ ತಂದೆ ಎಂದು ಅವನನ್ನು ಬೈಯುತ್ತಾಳೆ. ನಾನು ಒಂದು ಕಾಲದಲ್ಲಿ ನೀರಿನ ಮೇಲೆ ನಡೆದವಳು ಎಂದು ಕೋಳಿಗಳಿಗೆ ಹೇಳಿದರೆ ಅವು ನಂಬುವುದಿಲ್ಲ. ನನಗೂ ಈಗೀಗ ನಂಬಿಕೆ ಬರುವುದಿಲ್ಲ. ಬಿಸಿಲು ಬಂದರೆ ಬಿಸಿಲು, ಮಳೆ ಬಂದರೆ ಮಳೆ. ಯಾವುದಾದರೊಂದು ದಿನ ಒಲೆಗೆ ಹಾಕಿದರೂ ಮೊದಲು ಹೊಗೆ ಕಂಡು ಆಮೇಲೆ ಉರಿಯುತ್ತಿರುವುದು ನಾನೇ ಎಂದು ತಿಳಿದೀತು.

ಸಂಜೆ ಬೆಳಕಿರುವಾಗಲೇ ಜಟ್ಟಿ ಬರುತ್ತಾನೆ. ಬುಟ್ಟಿ ಇಳಿಸಿ, ಕೈ ತೊಳೆದು, ನನ್ನ ಪಕ್ಕದಲ್ಲಿ ನೆಲಕ್ಕೆ ಕೂರುತ್ತಾನೆ. ಶೇವಂತಿ ನನ್ನ ಮೇಲಿಂದ ಕಾಲು ಇಳಿಬಿಡುತ್ತಾಳೆ. ಅವನು ಒಂದೊಂದೇ ಪಾದ ಎತ್ತಿ, ಅಂಗಾಲು ತಿರುಗಿಸಿ, ದಿನವಿಡೀ ಅವಳಿಗೆ ತಿಳಿಯದೆ ಏನೇನು ಚುಚ್ಚಿದೆ, ಎಲ್ಲೆಲ್ಲಿ ತರಚಿದೆ ಎಂದು ನೋಡುತ್ತಾನೆ. ಡಾಕ್ಟರು ದಿನಾ ನೋಡಬೇಕು ಎಂದಿದ್ದಾರೆ. ನಿನ್ನೆ ಒಂದು ಮುಳ್ಳು ಸಿಕ್ಕಿತು. ಆಳಕ್ಕೆ ಹೋಗಿತ್ತು. ಅವನು ಸೂಜಿಯಿಂದ ಬಿಡಿಸುವಾಗ ಅವನ ಮುಖವೆಲ್ಲ ಗಂಟಾಯಿತು, ಹಲ್ಲು ಕಚ್ಚಿ ಉಸಿರು ಹಿಡಿದ.

ಶೇವಂತಿ ಅವನ ತಲೆಯ ಮೇಲಿಂದ ಅದನ್ನು ನೋಡುತ್ತಿದ್ದಳು.

"ನೋವಾದ್ರೆ ನೀನೇ ಕೂಗೋ ಜಟ್ಟಿ" ಎಂದಳು. "ನಂಗಂತೂ ಆಗ್ಲಿಕ್ಕಿಲ್ಲ."

ಜಟ್ಟಿ ಮುಳ್ಳು ತೆಗೆದು ಕೋಳಿ ಓಡಾಡದ ಕಡೆ ಎಸೆದು, ಇನ್ನೊಂದು ಪಾದ ಎತ್ತಿಕೊಂಡ.